ಗಂಟಿಗೆ ಬೆಳಕು ಬಿಟ್ಟರೆ ಕ್ಯಾನ್ಸರ್ ಗೊತ್ತಾಗುತ್ತಾ?

ಪ್ರಶ್ನೆ: ನನಗೆ 36 ವರ್ಷ, ರಾಣೆಬೆನ್ನೂರಿನವಳು. ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಗೋಲಿ ಗಾತ್ರದ ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ಅಲ್ಟ್ರಾಸೌಂಡ್ ವರದಿಯಲ್ಲಿ ‘ಬೈರಾಡ್ಸ್ 4ಎ’ ಅಂತ ಬರೆದಿದ್ದಾರೆ, ಬಯಾಪ್ಸಿ ಮಾಡಿಸಿ ಅಂದಿದ್ದಾರೆ. ಸೂಜಿ ಚುಚ್ಚಿದರೆ ಗಂಟು ಕೆರಳಿ ಮೈಯೆಲ್ಲ ಹರಡುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಬೆಳಕಿನಿಂದಲೇ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುವ ಯಂತ್ರ ಬಂದಿದೆ ಅಂತ ವಿಡಿಯೊದಲ್ಲಿ ನೋಡಿದೆ. ಮನೆಯಲ್ಲೇ ನೋಡಿಕೊಳ್ಳುವ ಕೆಂಪು ಲೈಟಿನ ಟಾರ್ಚ್ ಆನ್‌ಲೈನಿನಲ್ಲಿ ಸಿಗುತ್ತದಂತೆ. ತರಿಸಲಾ? ಸೂಜಿ ಇಲ್ಲದೆ ಆಗುವುದಿಲ್ಲವಾ?

ಉತ್ತರ: ಬಯಾಪ್ಸಿ ಮಾಡಿಸಿ. ಟಾರ್ಚ್ ತರಿಸಬೇಡಿ. ಕಾರಣ ಈಗ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಯಾಕೆಂದರೆ ವಿಡಿಯೊದಲ್ಲಿ ನೀವು ನೋಡಿದ್ದು ಪೂರ್ತಿ ಸುಳ್ಳಲ್ಲ.

ಮೊದಲು ‘4ಎ’ ಬಗ್ಗೆ. ಆ ಅಕ್ಷರ ನೋಡಿ ನಿಮಗೆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ಬೈರಾಡ್ಸ್ ಅಂದರೆ ರೇಡಿಯಾಲಜಿಸ್ಟ್‌ಗಳು ಅನುಮಾನವನ್ನು ಅಂಕಿಯಲ್ಲಿ ಬರೆಯುವ ಪದ್ಧತಿ. 3 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ 2ರ ಒಳಗೆ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂತ. 5 ಅಂದರೆ ಶೇ 95ಕ್ಕಿಂತ ಜಾಸ್ತಿ. ನಡುವಿನ 4ನ್ನು ಎ, ಬಿ, ಸಿ ಎಂದು ಮೂರು ಮಾಡಿದ್ದಾರೆ. ನಿಮ್ಮದು 4ಎ, ಅಂದರೆ ಶೇ 2ರಿಂದ 10. ನಿಮ್ಮಂಥ ವರದಿ ಇರುವ 100 ಜನರಲ್ಲಿ 90ಕ್ಕೂ ಹೆಚ್ಚು ಮಂದಿಗೆ ಅದು ಸಾದಾ ಗಂಟು. ನಿಮ್ಮ ವಯಸ್ಸಿನಲ್ಲಿ ಜಾಸ್ತಿ ಕಾಣುವುದು ಫೈಬ್ರೊಅಡಿನೋಮ, ಬೆರಳಿಟ್ಟರೆ ಜಾರಿಕೊಂಡು ಓಡುವ ಗಂಟು. ನೀರುಗುಳ್ಳೆ ಇರಬಹುದು, ಹಳೇ ಪೆಟ್ಟಿನಿಂದ ಗಟ್ಟಿಯಾದ ಕೊಬ್ಬು ಇರಬಹುದು. ನಮ್ಮ ಕಡೆ ಅಪರೂಪಕ್ಕೆ ಸ್ತನದ ಕ್ಷಯವೂ ಗಂಟಿನ ಹಾಗೇ ಕಾಣಿಸಿಕೊಳ್ಳುತ್ತದೆ. ಆದರೆ ಉಳಿದ ಆ ಕೆಲವರು ಯಾರು ಅನ್ನುವುದು ಚಿತ್ರ ನೋಡಿ ಗೊತ್ತಾಗುವುದಿಲ್ಲ. ಅದಕ್ಕೇ ಸೂಜಿ.

ಇಲ್ಲೇ ಬೆಳಕಿನ ಯಂತ್ರ ಮಾಡುವವರು ಕೇಳುವ ನ್ಯಾಯವಾದ ಪ್ರಶ್ನೆ ಬರುತ್ತದೆ. ಸೂಜಿ ಚುಚ್ಚಿಸಿಕೊಂಡವರಲ್ಲಿ ಹೆಚ್ಚಿನವರದ್ದು ಕೊನೆಗೆ ಸಾದಾ ಗಂಟೇ ಆಗಿದ್ದರೆ, ಅವರಿಗೆ ಆ ನೋವು, ಆ ಖರ್ಚು, ವರದಿ ಬರುವವರೆಗಿನ ಸಂಕಟ ಯಾಕೆ? ಅಲ್ಟ್ರಾಸೌಂಡ್ ಮತ್ತು ಮ್ಯಾಮೊಗ್ರಾಮ್ ಗಂಟಿನ ಆಕಾರ ತೋರಿಸುತ್ತವೆ. ಅಂಚು ನಯವಾಗಿದೆಯಾ, ಮುಳ್ಳುಮುಳ್ಳಾಗಿದೆಯಾ, ಅಗಲಕ್ಕಿಂತ ಎತ್ತರ ಜಾಸ್ತಿಯಾ ಅಂತ. ಒಳಗೆ ಏನು ನಡೆಯುತ್ತಿದೆ ಎಂದು ಬೆಳಕು ಹೇಳಬಲ್ಲದಾ?

ಒಂದು ಮಟ್ಟಿಗೆ ಹೇಳಬಲ್ಲದು. ಕತ್ತಲೆಯಲ್ಲಿ ಮೊಬೈಲ್ ಟಾರ್ಚನ್ನು ಬೆರಳಿಗೆ ಒತ್ತಿ ಹಿಡಿಯಿರಿ. ಬೆರಳು ಕೆಂಪಗೆ ಹೊಳೆಯುತ್ತದೆ. ನೀಲಿ, ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ, ಕೆಂಪು ಹಾಯುತ್ತದೆ. ಕೆಂಪಿನಿಂದ ಸ್ವಲ್ಪ ಆಚೆಗೆ, 650ರಿಂದ 1000 ನ್ಯಾನೊಮೀಟರ್‌ವರೆಗೆ (ಬೆಳಕಿನ ಅಲೆಯ ಉದ್ದದ ಅಳತೆ ಇದು), ಬೆಳಕು ಮೈಯೊಳಗೆ ಕೆಲವು ಸೆಂಟಿಮೀಟರ್ ಹೋಗಿ ವಾಪಸ್ ಬರಬಲ್ಲದು. ಆ ಪಟ್ಟಿಯಲ್ಲಿ ಆಕ್ಸಿಜನ್ ಹೊತ್ತ ರಕ್ತ ಒಂದು ಥರ ಬೆಳಕು ಹೀರುತ್ತದೆ, ಆಕ್ಸಿಜನ್ ಬಿಟ್ಟುಕೊಟ್ಟ ರಕ್ತ ಇನ್ನೊಂದು ಥರ. ಕೊಬ್ಬಿನ ಗುರುತು 930ರ ಹತ್ತಿರ, ನೀರಿನದು 970ರ ಸುಮಾರಿಗೆ. ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್ ಕೆಲಸ ಮಾಡುವುದೂ ಈ ಲೆಕ್ಕದ ಮೇಲೆಯೇ. ಜಪಾನಿನ ತಕುಒ ಅಯೊಯಾಗಿ 1970ರ ದಶಕದಲ್ಲಿ ಅದನ್ನು ರೂಪಿಸಿದರು.

ಕ್ಯಾನ್ಸರ್ ಗಂಟಿಗೆ ರಕ್ತದ ಹಸಿವು ಜಾಸ್ತಿ. ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕೆಂದರೆ ಅದು ಹೊಸ ರಕ್ತನಾಳ ಎಳೆದುಕೊಳ್ಳಲೇಬೇಕು ಎಂದು ಅಮೆರಿಕದ ಜೂಡಾ ಫೋಕ್‌ಮನ್ 1971ರಲ್ಲಿ ವಾದಿಸಿದರು. ಆ ನಾಳಗಳು ಸೊಟ್ಟಸೊಟ್ಟ, ಸೋರುವಂಥವು. ಗಂಟು ಆಕ್ಸಿಜನ್ ಗಬಗಬ ತಿಂದುಬಿಡುತ್ತದೆ. ಹಾಗಾಗಿ ಅಲ್ಲಿ ರಕ್ತ ಜಾಸ್ತಿ, ನೀರು ಜಾಸ್ತಿ, ಆಕ್ಸಿಜನ್ ಕಡಿಮೆ, ಸುತ್ತಲಿನ ಕೊಬ್ಬು ಕಡಿಮೆ. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಬ್ರೂಸ್ ಟ್ರಾಂಬರ್ಗ್ ಅವರ ತಂಡ ಇದನ್ನೆಲ್ಲ ಒಂದೇ ಸಂಖ್ಯೆಗೆ ಇಳಿಸಿತು. ಆಕ್ಸಿಜನ್ ಇಲ್ಲದ ರಕ್ತವನ್ನು ನೀರಿನಿಂದ ಗುಣಿಸಿ, ಕೊಬ್ಬಿನಿಂದ ಭಾಗಿಸುವುದು. ಸಂಖ್ಯೆ ದೊಡ್ಡದಾದಷ್ಟೂ ಅನುಮಾನ ಜಾಸ್ತಿ. ಕ್ವಿಂಗ್ ಝು ಎಂಬ ವಿಜ್ಞಾನಿಯ ತಂಡ ಬೆಳಕನ್ನು ಅಲ್ಟ್ರಾಸೌಂಡ್ ಜೊತೆ ಸೇರಿಸಿ ಅಳೆದಾಗ, ಕ್ಯಾನ್ಸರ್ ಗಂಟುಗಳಲ್ಲಿ ಸಾದಾ ಗಂಟುಗಳಿಗಿಂತ ಸರಾಸರಿ ಸುಮಾರು ಎರಡು ಪಟ್ಟು ಹಿಮೋಗ್ಲೋಬಿನ್ ಕಂಡಿತು.

ಸರಾಸರಿ ಅಂದೆ, ಗಮನಿಸಿ. ತೊಡಕು ಇರುವುದೇ ಅಲ್ಲಿ. ಎಳೆ ವಯಸ್ಸಿನವರ ಫೈಬ್ರೊಅಡಿನೋಮದಲ್ಲೂ ರಕ್ತ ಚೆನ್ನಾಗಿ ಓಡುತ್ತದೆ. ಬಾವು ಬಂದ ಸ್ತನದಲ್ಲಿ, ಹಾಲೂಡಿಸುವ ಸ್ತನದಲ್ಲಿ ಕೇಳುವುದೇ ಬೇಡ. ಮುಟ್ಟಿನ ಹಿಂದೆ ಮುಂದೆ ಸ್ತನದ ನೀರು, ರಕ್ತ ಎರಡೂ ಏರಿಳಿಯುತ್ತವೆ. ಅಳೆಯುವವರು ಯಂತ್ರವನ್ನು ಸ್ವಲ್ಪ ಜೋರಾಗಿ ಒತ್ತಿದರೂ ಸಾಕು, ರಕ್ತ ಪಕ್ಕಕ್ಕೆ ಸರಿದು ಅಂಕಿ ಬದಲಾಗುತ್ತದೆ. ಆ ಕಡೆ ನೋಡಿದರೆ ಕೆಲವು ಕ್ಯಾನ್ಸರ್‌ಗಳು ಸದ್ದಿಲ್ಲದವು. ಹಾಲಿನ ನಾಳದೊಳಗೇ ಉಳಿದಿರುವ ಆರಂಭದ ಕ್ಯಾನ್ಸರ್, ಸೆಂಟಿಮೀಟರ್‌ಗಿಂತ ಚಿಕ್ಕವು, ಲೋಳೆ ತುಂಬಿದ ಬಗೆಯವು ಅಷ್ಟೊಂದು ರಕ್ತ ಎಳೆಯದೇ ಇರಬಹುದು. ಎರಡು ಗುಂಪಿನ ಸರಾಸರಿ ಬೇರೆಬೇರೆ ಇದ್ದರೂ ಅಂಚಿನಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ. ನಿಮಗೆ ಬೇಕಾದ್ದು ನಿಮ್ಮ ಒಂದು ಗಂಟಿನ ಉತ್ತರ, ಸರಾಸರಿ ಅಲ್ಲ, ಅಲ್ವಾ?

ಇನ್ನೊಂದು ತೊಂದರೆ ಬೆಳಕಿನದ್ದೇ. ಮೈಯೊಳಗೆ ಅದು ನೇರ ಹೋಗುವುದಿಲ್ಲ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಬಸ್ಸಿನ ಹೆಡ್‌ಲೈಟ್ ಹಾಕಿದ ಹಾಗೆ, ಹೆಜ್ಜೆಹೆಜ್ಜೆಗೂ ಚದುರುತ್ತದೆ. ಆಳಕ್ಕೆ ಹೋದಂತೆ ಚಿತ್ರ ಮಸುಕಾಗುತ್ತದೆ. ಟಾರ್ಚ್ ಸೋತಿದ್ದು ಇಲ್ಲೇ, ಅದೂ ಬಹಳ ಹಿಂದೆಯೇ.

ಸ್ತನಕ್ಕೆ ಬೆಳಕು ಹಾಯಿಸಿ ನೋಡುವ ವಿಧಾನವನ್ನು ಅಮೆರಿಕದ ಸರ್ಜನ್ ಮ್ಯಾಕ್ಸ್ ಕಟ್ಲರ್ 1929ರಲ್ಲೇ ಬರೆದಿದ್ದರು. ಆಗಿನ ದೀಪಗಳನ್ನು ಜೋರು ಮಾಡಿದರೆ ಚರ್ಮ ಬಿಸಿಯಾಗುತ್ತಿತ್ತು. 1970-80ರ ದಶಕದಲ್ಲಿ ಸ್ವೀಡನ್‌ನವರು ಇನ್‌ಫ್ರಾರೆಡ್ ಫಿಲ್ಮ್, ಆಮೇಲೆ ವಿಡಿಯೊ ಕ್ಯಾಮೆರಾ ಇಟ್ಟು ಇದಕ್ಕೆ ಮರುಜೀವ ಕೊಟ್ಟರು. ಮ್ಯಾಮೊಗ್ರಾಮ್ ಪಕ್ಕದಲ್ಲಿಟ್ಟು ಹೋಲಿಸಿದಾಗ ಚಿಕ್ಕ ಕ್ಯಾನ್ಸರ್‌ಗಳು ತಪ್ಪಿಹೋಗುತ್ತಿದ್ದವು. ಹಾಗಾಗಿ ಕೈಬಿಟ್ಟರು. ಈಗ ಆನ್‌ಲೈನಿನಲ್ಲಿ ಮಾರುವ ಕೆಂಪು ಟಾರ್ಚ್ ಅದೇ ಹಳೇ ವಿಧಾನ. ಎಲ್‌ಇಡಿ ಬಂದು ಬಿಸಿ ಹೋಗಿದೆ, ಅಷ್ಟೇ. ಅದನ್ನು ಹಿಡಿದರೆ ಚರ್ಮದ ಕೆಳಗಿನ ರಕ್ತನಾಳಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ, ಸುಮ್ನೆ ಗಾಬರಿಯಾಗುತ್ತೀರಿ. ಅದಕ್ಕಿಂತ ಕೆಟ್ಟದ್ದೆಂದರೆ ಏನೂ ಕಾಣದೆ ಇದ್ದಾಗ ಸಮಾಧಾನವಾಗಿ ಬಯಾಪ್ಸಿ ಮುಂದೂಡುತ್ತೀರಿ. ಹಾಗೆ ಮುಂದೂಡಿಸುವ ವಸ್ತುವನ್ನು ನಾನಂತೂ ‘ಪರೀಕ್ಷೆ’ ಎಂದು ಕರೆಯುವುದಿಲ್ಲ.

ಹಾಗಾದರೆ ವಿಡಿಯೊದಲ್ಲಿ ತೋರಿಸಿದ ದೊಡ್ಡ ಯಂತ್ರ ಯಾವುದು? ನನ್ನ ಊಹೆ, ಬೆಳಕು ಮತ್ತು ಶಬ್ದ ಎರಡನ್ನೂ ಕೂಡಿಸಿದ್ದು. ಈ ಕ್ಷೇತ್ರದಲ್ಲಿ ನನಗೆ ನಿಜವಾಗಿ ಖುಷಿ ಕೊಡುವ ಕೆಲಸ ಇದು. ಬೆಳಕು ಬಿದ್ದ ವಸ್ತು ಶಬ್ದ ಮಾಡಬಲ್ಲದು ಎಂದು ಟೆಲಿಫೋನಿನ ಗ್ರಹಾಂ ಬೆಲ್ 1880ರಲ್ಲೇ ಕಂಡಿದ್ದರು. ಅತಿ ಚಿಕ್ಕ ಲೇಸರ್ ಮಿಂಚು ಹೊಡೆದರೆ ರಕ್ತ ಅದನ್ನು ಹೀರಿ ಒಂದು ಡಿಗ್ರಿಯ ಸಾವಿರದ ಒಂದು ಭಾಗದಷ್ಟು ಬಿಸಿಯಾಗುತ್ತದೆ, ಹಿಗ್ಗುತ್ತದೆ, ಕಿವಿಗೆ ಕೇಳದ ಸಣ್ಣ ಶಬ್ದ ಮಾಡುತ್ತದೆ. ಅಲ್ಟ್ರಾಸೌಂಡ್ ಪ್ರೋಬ್ ಆ ಶಬ್ದವನ್ನು ಕೇಳಿಸಿಕೊಳ್ಳುತ್ತದೆ. ಶಬ್ದ ಬೆಳಕಿನಷ್ಟು ಚದುರುವುದಿಲ್ಲ, ಆದ್ದರಿಂದ ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ. ಬೆಳಕು ರಕ್ತದ ಸುದ್ದಿ ಕೊಡುತ್ತದೆ, ಶಬ್ದ ಜಾಗ ಹೇಳುತ್ತದೆ.

ಟೆಕ್ಸಸ್‌ನ ಸೀನೊ ಮೆಡಿಕಲ್ ಕಂಪನಿಯ ಇಮೇಜಿಯೊ ಇಂಥ ಯಂತ್ರ. 757 ಮತ್ತು 1064 ನ್ಯಾನೊಮೀಟರ್‌ನ ಎರಡು ಲೇಸರ್. ಆಕ್ಸಿಜನ್ ಕಳೆದುಕೊಂಡ ರಕ್ತ ಕೆಂಪಾಗಿ, ಆಕ್ಸಿಜನ್ ಇರುವುದು ಹಸಿರಾಗಿ ಅಲ್ಟ್ರಾಸೌಂಡ್ ಚಿತ್ರದ ಮೇಲೆ ಮೂಡುತ್ತದೆ. ಅಮೆರಿಕದ 16 ಕೇಂದ್ರಗಳಲ್ಲಿ ಸುಮಾರು 2,100 ಹೆಂಗಸರ ಮೇಲೆ ಪರೀಕ್ಷೆ ನಡೆದು 2018ರಲ್ಲಿ ಫಲಿತಾಂಶ ಬಂತು. 2021ರ ಜನವರಿಯಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಆ ಪರೀಕ್ಷೆಯ ಅಂಕಿಗಳನ್ನು ನಿಧಾನವಾಗಿ ಓದೋಣ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. 100 ಸಾದಾ ಗಂಟುಗಳನ್ನು ತೆಗೆದುಕೊಳ್ಳಿ. ಬರೀ ಅಲ್ಟ್ರಾಸೌಂಡ್ ನೋಡಿದಾಗ ಅವುಗಳಲ್ಲಿ 28ನ್ನು ಮಾತ್ರ ‘ಇದು ಸಾದಾ’ ಎಂದು ಬಿಡಲು ಆಯಿತು. ಬೆಳಕು ಸೇರಿಸಿದ ಮೇಲೆ 43. ಅಂದರೆ 15 ಹೆಂಗಸರಿಗೆ ಸೂಜಿ ತಪ್ಪುತ್ತದೆ. ಕಡಿಮೆಯೇನಲ್ಲ. ಈಗ 100 ಕ್ಯಾನ್ಸರ್ ಗಂಟುಗಳನ್ನು ತೆಗೆದುಕೊಳ್ಳಿ. ಅಲ್ಟ್ರಾಸೌಂಡ್ 98.6ನ್ನು ಅನುಮಾನಿಸಿತ್ತು. ಬೆಳಕು ಸೇರಿಸಿದ ಮೇಲೆ 96. ಎರಡು-ಮೂರು ಕ್ಯಾನ್ಸರ್ ‘ಪರವಾಗಿಲ್ಲ’ ಎಂಬ ಕಡೆಗೆ ಜಾರಿದವು.

ಕಂಪನಿಯ ಜಾಹೀರಾತು ಮೊದಲ ಜೋಡಿ ಅಂಕಿ ಹೇಳುತ್ತದೆ. ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿದವರು ಎರಡನೆಯದನ್ನು ನೋಡುತ್ತಾರೆ. ಎರಡೂ ನಿಜ.

ಇನ್ನೂ ಒಂದು ಮಾತಿದೆ, ಇದನ್ನು ಯಾರೂ ವಿಡಿಯೊದಲ್ಲಿ ಹೇಳುವುದಿಲ್ಲ. ಬೆಳಕು ‘ಇದು ಕ್ಯಾನ್ಸರ್’ ಅಂದಿತು ಅಂತಿಟ್ಟುಕೊಳ್ಳಿ. ಆಗ ಸೂಜಿ ತಪ್ಪುತ್ತದಾ? ಇಲ್ಲ. ಚಿಕಿತ್ಸೆ ಶುರು ಮಾಡಲು ಅದು ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿಯಲೇಬೇಕು. ಕೋಶದಲ್ಲಿ ಈಸ್ಟ್ರೊಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಇದೆಯಾ, ಹರ್-2 ಎಂಬ ಪ್ರೋಟೀನ್ ಜಾಸ್ತಿ ಇದೆಯಾ ಎಂಬುದು ತುಣುಕು ತೆಗೆದು ಬಣ್ಣ ಹಾಕಿ ನೋಡಿದರೇ ಗೊತ್ತಾಗುವುದು. ಯಾವ ಮಾತ್ರೆ, ಯಾವ ಇಂಜೆಕ್ಷನ್, ಆಪರೇಷನ್ ಮೊದಲೋ ಕೀಮೋ ಮೊದಲೋ ಎಲ್ಲ ಅದರ ಮೇಲೆ ನಿಂತಿದೆ. ಹಾಗಾಗಿ ಬೆಳಕು ‘ಹೌದು’ ಅಂದರೆ ಸೂಜಿ ಬೇಕೇ ಬೇಕು. ‘ಅಲ್ಲ’ ಅಂದಾಗ ಮಾತ್ರ ಸೂಜಿ ತಪ್ಪುತ್ತದೆ. ಈ ಯಂತ್ರಗಳ ಬೆಲೆ ಪೂರ್ತಿ ಆ ‘ಅಲ್ಲ’ದ ಮೇಲೆ ನಿಂತಿದೆ. ಆ ‘ಅಲ್ಲ’ ಇನ್ನೂ ಅಷ್ಟು ಗಟ್ಟಿಯಾಗಿಲ್ಲ.

ನಮ್ಮವರ ಮಟ್ಟಿಗೆ ಇನ್ನೊಂದು ಅನುಮಾನ ಸೇರಿಸಬೇಕು. ಚರ್ಮದ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕು ಹೀರುತ್ತದೆ. ಪಲ್ಸ್ ಆಕ್ಸಿಮೀಟರ್‌ನಲ್ಲಿ ಇದರ ಪರಿಣಾಮ ನೋಡಿಯಾಗಿದೆ. ನಿಜವಾಗಿ ಆಕ್ಸಿಜನ್ ಕಡಿಮೆ ಇದ್ದರೂ ಯಂತ್ರ ‘ಸರಿ ಇದೆ’ ಎಂದು ತೋರಿಸಿದ್ದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಎಂದು 2020ರಲ್ಲಿ ಮಿಷಿಗನ್‌ನ ವೈದ್ಯರು ವರದಿ ಮಾಡಿದರು. ಸ್ತನದ ಯಂತ್ರಗಳಲ್ಲೂ ಕಪ್ಪು ಚರ್ಮದಲ್ಲಿ ಬೆಳಕು ಮೇಲ್ಗಡೆಯೇ ಖರ್ಚಾಗಿ ಗಂಟಿಗೆ ಕಡಿಮೆ ತಲುಪುತ್ತದೆ. ನಾಳೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇಂಥ ಯಂತ್ರ ಬಂದರೆ ನಾನು ಮೊದಲು ಕೇಳುವುದು ಒಂದೇ: ನಮ್ಮ ಮೈಬಣ್ಣದ ಹೆಂಗಸರ ಮೇಲೆ ಮಾಡಿದ ಪರೀಕ್ಷೆಯ ಅಂಕಿ ತೋರಿಸಿ.

ಬೆಳಕಿನ ಮಾತು ಬಂದ ಮೇಲೆ ರಾಮನ್ ಹೆಸರು ಬಿಡಲು ಆಗುತ್ತದಾ. 1928ರ ಫೆಬ್ರವರಿ 28ರಂದು ಕೋಲ್ಕತ್ತದಲ್ಲಿ ಕಂಡದ್ದು, 1930ರಲ್ಲಿ ನೊಬೆಲ್, ಆಮೇಲೆ ನಮ್ಮ ಬೆಂಗಳೂರಿಗೆ ಬಂದು ನೆಲೆಸಿದರು. ಅವರು ಕಂಡುಕೊಂಡದ್ದು ಇಷ್ಟು: ವಸ್ತುವಿಗೆ ಬಡಿದ ಬೆಳಕಿನಲ್ಲಿ ಬಹಳ ಚಿಕ್ಕ ಪಾಲು, ಸುಮಾರು ಒಂದು ಕೋಟಿಯಲ್ಲಿ ಒಂದು ಕಣ, ಬಣ್ಣ ಬದಲಿಸಿಕೊಂಡು ವಾಪಸ್ ಬರುತ್ತದೆ. ಎಷ್ಟು ಬದಲಾಯಿತು ಎಂಬುದು ಆ ವಸ್ತುವಿನ ಅಣುಗಳ ಗುರುತು. ಕೊಬ್ಬು, ಕೊಲಾಜನ್, ಸುಣ್ಣದ ಕಣ, ಒಂದೊಂದಕ್ಕೂ ತನ್ನದೇ ಸಹಿ ಇದೆ. ಅಮೆರಿಕದ ಎಂಐಟಿಯಲ್ಲಿ ಮೈಕಲ್ ಫೆಲ್ಡ್ ಅವರ ತಂಡ 58 ಹೆಂಗಸರ ಸ್ತನದ ತುಣುಕುಗಳನ್ನು ಹೀಗೆ ಅಳೆದು, 2005ರಲ್ಲಿ ಶೇ 94 ಕ್ಯಾನ್ಸರ್ ಗುರುತಿಸಿದ್ದೇವೆ, ಕ್ಯಾನ್ಸರ್ ಅಲ್ಲದವುಗಳಲ್ಲಿ ಶೇ 96 ಸರಿಯಾಗಿ ಬಿಟ್ಟಿದ್ದೇವೆ ಎಂದು ಪ್ರಕಟಿಸಿತು. ಮರುವರ್ಷ ನಮ್ಮ ಮಣಿಪಾಲದ ತಂಡವೂ ಸಹಜ, ಸಾದಾ, ಕ್ಯಾನ್ಸರ್ ಮೂರನ್ನೂ ರಾಮನ್ ಬೆಳಕಿನಿಂದ ಬೇರ್ಪಡಿಸುವ ಕೆಲಸ ಪ್ರಕಟಿಸಿತು. ಅದಕ್ಕೂ ಮೊದಲೇ, 1997ರಲ್ಲಿ, ಇಂದೋರಿನ ಲೇಸರ್ ಕೇಂದ್ರದವರು ನೈಟ್ರೊಜನ್ ಲೇಸರ್ ಬಿಟ್ಟು ಸ್ತನದ ತುಣುಕುಗಳು ತಾವಾಗಿ ಹೊಳೆಯುವುದನ್ನು ಅಳೆದಿದ್ದರು.

ಅಂಕಿ ನೋಡಿದರೆ ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ‘ತುಣುಕು’ ಅಂದೆನಲ್ಲ, ಅವೆಲ್ಲ ಮೈಯಿಂದ ಹೊರಗೆ ತೆಗೆದವು. ರಾಮನ್ ಬೆಳಕು, ಹೊಳಪಿನ ಬೆಳಕು ಎರಡೂ ಚರ್ಮದ ಮೇಲಿಂದ ಗಂಟಿನವರೆಗೆ ಹೋಗಿ ನಂಬುವಂಥ ಸುದ್ದಿ ತರುವುದು ಕಷ್ಟ. ಅದಕ್ಕೇ ಈ ಉಪಾಯಗಳು ಈಗ ಆಪರೇಷನ್ ಥಿಯೇಟರ್ ಕಡೆ ಹೊರಟಿವೆ. ಗಂಟು ತೆಗೆದ ಮೇಲೆ ಅಂಚಿನಲ್ಲಿ ಏನಾದರೂ ಉಳಿದಿದೆಯಾ ಎಂದು ಅಲ್ಲೇ ನೋಡುವುದು. 2024ರ ಏಪ್ರಿಲ್‌ನಲ್ಲಿ ಎಫ್‌ಡಿಎ ಒಪ್ಪಿದ ಲೂಮಿಸೈಟ್ ಎಂಬ ಔಷಧಿ ಈ ಕೆಲಸದ್ದೇ. ಆಪರೇಷನ್‌ಗೆ ಮುಂಚೆ ರಕ್ತನಾಳಕ್ಕೆ ಕೊಟ್ಟರೆ ಉಳಿದ ಕ್ಯಾನ್ಸರ್ ವಿಶೇಷ ಕ್ಯಾಮೆರಾದಡಿ ಹೊಳೆಯುತ್ತದೆ. ಬೆಳಕು ಮೊದಲು ಗೆಲ್ಲುವುದು ಇಲ್ಲೇ ಎಂದು ನನ್ನ ಎಣಿಕೆ. ಅಲ್ಲಿ ಆಳದ ಸಮಸ್ಯೆ ಇಲ್ಲ.

ಕ್ಯಾಂಪುಗಳಲ್ಲಿ ಮಾಡುವ ಥರ್ಮಲ್ ಕ್ಯಾಮೆರಾ ಬೇರೆ. ಅದು ಬೆಳಕು ಒಳಗೆ ಬಿಡುವುದಿಲ್ಲ, ಮೈ ಬಿಡುವ ಶಾಖದ ಫೋಟೊ ತೆಗೆಯುತ್ತದೆ. ಅದನ್ನು ಮ್ಯಾಮೊಗ್ರಾಮ್ ಬದಲಿಗೆ ಬಳಸಬಾರದು ಎಂದು ಎಫ್‌ಡಿಎ 2019ರಲ್ಲಿ ಎಚ್ಚರಿಸಿದೆ. ಕೈಗೆ ಗಂಟು ಸಿಕ್ಕಿರುವ ನಿಮಗಂತೂ ಅದರಿಂದ ಉಪಯೋಗವಿಲ್ಲ. ಯಂತ್ರ ಇಲ್ಲದಿದ್ದರೆ ಏನೂ ಆಗುವುದಿಲ್ಲ ಎಂದೂ ತಿಳಿಯಬೇಡಿ. ಮುಂಬೈಯ ಟಾಟಾ ಮೆಮೋರಿಯಲ್‌ನವರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿದ್ದಾರೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ನೋಡಿದ್ದಕ್ಕೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30 ಇಳಿಯಿತು.

ಇನ್ನು ನಿಮ್ಮ ಅತ್ತೆಯವರ ಹೆದರಿಕೆ. ಅವರನ್ನು ಬಯ್ಯಬೇಡಿ. ಅವರ ಕಾಲದಲ್ಲಿ ಗಂಟು ಹಣ್ಣಾಗಿ ಒಡೆದ ಮೇಲೆಯೇ ಜನ ಆಸ್ಪತ್ರೆಗೆ ಹೋಗುತ್ತಿದ್ದರು. ಸೂಜಿ ಚುಚ್ಚಿದ ಕೆಲವೇ ತಿಂಗಳಲ್ಲಿ ತೀರಿಕೊಂಡರೆ ಸೂಜಿಯೇ ಕಾರಣ ಅನ್ನಿಸುವುದು ಸಹಜ. ಸೂಜಿ ಹೋದ ದಾರಿಯಲ್ಲಿ ನಾಲ್ಕಾರು ಕೋಶ ಸರಿಯಬಹುದು, ಅದು ನಿಜ. ಆದರೆ ಅದರಿಂದ ಕಾಯಿಲೆ ಮೈಗೆಲ್ಲ ಹರಡಿತು, ಆಯಸ್ಸು ಕಡಿಮೆಯಾಯಿತು ಎಂಬುದಕ್ಕೆ ಪುರಾವೆ ಇಲ್ಲ. ಅನುಮಾನದ ಗಂಟು ಏನೆಂದು ಖಚಿತ ಮಾಡಿಕೊಳ್ಳಲು ಜಗತ್ತಿನಾದ್ಯಂತ ಮಾಡುವುದು ಇದೇ ಪರೀಕ್ಷೆ. ಆಗುವುದಾದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.

ಬಯಾಪ್ಸಿ ಅಂದರೆ ಆಪರೇಷನ್ ಅಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ನೋಡಿಕೊಂಡು, ಸುಮಾರು ಎರಡು ಮಿಲಿಮೀಟರ್ ದಪ್ಪದ ಸೂಜಿಯಿಂದ ಸಣ್ಣ ಎಳೆಗಳನ್ನು ತೆಗೆಯುತ್ತಾರೆ. ಇದಕ್ಕೆ ಕೋರ್ ಬಯಾಪ್ಸಿ ಅನ್ನುತ್ತಾರೆ. ಸೂಜಿ ಬಿಡುವಾಗ ‘ಟಕ್’ ಅಂತ ಶಬ್ದ ಬರುತ್ತದೆ, ಬೆಚ್ಚಬೇಡಿ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಒಂದಷ್ಟು ದಿನ ನೀಲಿಗಟ್ಟಬಹುದು. ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ. ನಮ್ಮ ಊರುಗಳಲ್ಲಿ ಇನ್ನೂ ಹಲವು ಕಡೆ ತೆಳು ಸೂಜಿಯ ಎಫ್‌ಎನ್‌ಎಸಿ ಮಾಡುತ್ತಾರೆ. ಅದರಲ್ಲಿ ಬಿಡಿ ಕೋಶಗಳು ಮಾತ್ರ ಸಿಗುತ್ತವೆ, ಅವು ಹೇಗೆ ಜೋಡಿಸಿಕೊಂಡಿವೆ ಅನ್ನುವುದು ಕಾಣುವುದಿಲ್ಲ. ‘ಕೋರ್ ಬಯಾಪ್ಸಿ ಆಗುತ್ತದಾ’ ಎಂದು ಬಾಯಿಬಿಟ್ಟು ಕೇಳಿ. 36ನೇ ವಯಸ್ಸಿಗೆ ಮ್ಯಾಮೊಗ್ರಾಮ್ ಕೂಡ ಬೇಕಾಗಬಹುದು, ಅದನ್ನೂ ಕೇಳಿ. ನಮ್ಮಲ್ಲಿ ಈ ಕ್ಯಾನ್ಸರ್ ಪಶ್ಚಿಮ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ‘ಇನ್ನೂ ಚಿಕ್ಕ ವಯಸ್ಸು, ಏನಿರಲ್ಲ ಬಿಡಿ’ ಅನ್ನುವವರ ಮಾತು ಕೇಳಿ ವಾಪಸ್ ಬರಬೇಡಿ.

ವರದಿ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಕೈಗೆ ಸಿಕ್ಕಿದ್ದು, ಚಿತ್ರದಲ್ಲಿ ಕಂಡದ್ದು, ಸೂಜಿಯಲ್ಲಿ ಬಂದದ್ದು, ಮೂರೂ ಒಂದೇ ಕಥೆ ಹೇಳಬೇಕು. ಚಿತ್ರದಲ್ಲಿ ಅನುಮಾನ ಜಾಸ್ತಿಯಿದ್ದು ಸೂಜಿಯಲ್ಲಿ ‘ಬರೀ ಕೊಬ್ಬು’ ಎಂದು ಬಂದರೆ ಸೂಜಿ ಗಂಟಿಗೆ ತಾಗಿಲ್ಲದೇ ಇರಬಹುದು, ಮತ್ತೆ ಮಾಡಿಸಬೇಕು. ಮೂರೂ ಹೊಂದಿ ಫೈಬ್ರೊಅಡಿನೋಮ ಅಂತ ಬಂದರೆ ಗಂಟು ತೆಗೆಸುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಆರು ತಿಂಗಳಿಗೆ ಒಂದು ಅಲ್ಟ್ರಾಸೌಂಡ್ ಮಾಡಿಸಿ, ಬೆಳೆದಿದೆಯಾ ನೋಡಿ. ಯಾವ ಉತ್ತರ ಬಂದರೂ ಲ್ಯಾಬಿನಿಂದ ಸ್ಲೈಡ್ ಮತ್ತು ತುಣುಕು ಹುದುಗಿಸಿಟ್ಟ ಮೇಣದ ಬ್ಲಾಕ್ ಕೇಳಿ ಪಡೆದು, ಸ್ಕ್ಯಾನಿಂಗ್ ಫಿಲ್ಮ್ ಜೊತೆ ಮನೆಯಲ್ಲಿಡಿ. ಮುಂದೆ ಕಿದ್ವಾಯಿಗೋ ಬೇರೆ ದೊಡ್ಡಾಸ್ಪತ್ರೆಗೋ ಹೋಗುವ ಸಂದರ್ಭ ಬಂದರೆ ಅಲ್ಲಿ ಇವನ್ನು ಕೇಳಿಯೇ ಕೇಳುತ್ತಾರೆ. ಅವು ಕೈಯಲ್ಲಿದ್ದರೆ ಅಲ್ಲಿನ ಪೆಥಾಲಜಿಸ್ಟ್ ಅದೇ ಸ್ಲೈಡನ್ನು ಮತ್ತೊಮ್ಮೆ ನೋಡಿ ಹೇಳಬಹುದು. ಎಷ್ಟೋ ಸಲ ಇನ್ನೊಂದು ಸೂಜಿ ತಪ್ಪುತ್ತದೆ.